ನಾವು ಕೊಯ್ಯದಿದ್ದರೆ ಇನ್ಯಾರೋ ಕೊಯ್ತಾರೆ

ಆಗಸ್ಟ್ ತಿಂಗಳ ಒಂದು ಶುಕ್ರವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಒಬ್ಬನೇ ತ್ಯುರೆಸ್ತಾ ಕಾಡಿಗೆ ಹೋದೆ. ಸ್ಟಾಕ್‌ಹೋಮ್‌ನಿಂದ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರ್. ನಡುವೆ ರಾಷ್ಟ್ರೀಯ ಉದ್ಯಾನ, ಸುತ್ತ ರಕ್ಷಿತಾರಣ್ಯ, ಎರಡೂ ಸೇರಿದರೆ 5,000 ಹೆಕ್ಟೇರಿನ ಆಸುಪಾಸು. ಬೆಂಗಳೂರಿನವರಿಗೆ ಹೇಳಬೇಕೆಂದರೆ ಬನ್ನೇರುಘಟ್ಟದಷ್ಟು ದೂರ. ರಾಜಧಾನಿಯ ಪಕ್ಕದಲ್ಲೇ ಇದ್ದರೂ ಕೊಡಲಿ ಹೆಚ್ಚು ತಾಗದ ಕಾಡು ಇದು. ಕೆಲವು ಪೈನ್ ಮರಗಳಿಗೆ 400 ವರ್ಷ ವಯಸ್ಸಾಗಿದೆ.

ಮಲೆನಾಡಿನ ಕಾಡು ನೋಡಿ ಬೆಳೆದವನಿಗೆ ಇಲ್ಲಿನ ಕಾಡು ಮೊದಲ ಸಲ ಖಾಲಿ ಖಾಲಿ ಅನ್ನಿಸುತ್ತದೆ. ಬಳ್ಳಿ ಇಲ್ಲ, ಬಿದಿರು ಇಲ್ಲ, ಕಿವಿ ಕೊರೆಯುವ ಜೀರುಂಡೆ ಇಲ್ಲ. ಉಂಬಳದ ಬದಲು ಉಣುಗು ಇದೆ, ಅಷ್ಟೇ. ಬೂದು ಬಂಡೆ, ಅದರ ಮೇಲೆ ಹಾಸಿಗೆಯಂಥ ಹಾವಸೆ, ನೆಟ್ಟಗೆ ನಿಂತ ಪೈನ್ ಮತ್ತು ಸ್ಪ್ರೂಸ್ ಮರಗಳು. ಅವುಗಳ ಬುಡದಲ್ಲಿ ಮೊಣಕಾಲಿಗೂ ಬಾರದ ಬ್ಲೂಬೆರಿ ಗಿಡಗಳು, ಕಣ್ಣು ಹಾಯಿಸಿದಷ್ಟು ದೂರಕ್ಕೂ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ದಪ್ಪ ಹಣ್ಣಲ್ಲ ಇದು. ಇದು ಕಾಡಿನ ಜಾತಿ, ಚಿಕ್ಕದು, ಒಳಗೂ ಕಡುನೀಲಿ. ಒಂದು ಹಿಡಿ ತಿಂದರೆ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ, ಬೆರಳು ಎಲ್ಲಾ ಬಣ್ಣ.

ಸ್ವೀಡನ್ನಿನಲ್ಲಿ ಈ ಹಣ್ಣು ಕೀಳಲು ಯಾರನ್ನೂ ಕೇಳಬೇಕಾಗಿಲ್ಲ. ಇಲ್ಲಿ 'ಅಲ್ಲೆಮಾನ್ಸ್‌ರೆತ್ತೆನ್' ಅಂತ ಒಂದು ಪದ್ಧತಿ ಇದೆ. ಎಲ್ಲರ ಹಕ್ಕು ಅಂತ ಅರ್ಥ. ಜಮೀನು ಯಾರದ್ದೇ ಇರಲಿ, ಮನೆಯ ಅಂಗಳ ಮತ್ತು ಬೆಳೆ ಬಿಟ್ಟು ಉಳಿದ ಕಡೆ ಯಾರು ಬೇಕಾದರೂ ನಡೆಯಬಹುದು, ಕಾಡಿನ ಹಣ್ಣು, ಅಣಬೆ ಆರಿಸಿಕೊಳ್ಳಬಹುದು. 1994ರಲ್ಲಿ ಇದನ್ನು ಸಂವಿಧಾನದಲ್ಲೇ ಸೇರಿಸಿದರು. ಆದರೂ ಇದನ್ನು ವಿವರವಾಗಿ ಹೇಳುವ ಪ್ರತ್ಯೇಕ ಕಾಯ್ದೆ ಇಲ್ಲ. ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುವುದು ಒಂದೇ ಮಾತು: ತೊಂದರೆ ಕೊಡಬೇಡ, ಹಾಳು ಮಾಡಬೇಡ. ರಕ್ಷಿತಾರಣ್ಯಗಳಿಗೆ ಅವುಗಳದ್ದೇ ಹೆಚ್ಚುವರಿ ನಿಯಮಗಳಿರುತ್ತವೆ, ಆದರೆ ತ್ಯುರೆಸ್ತಾದಲ್ಲಿ ಹಣ್ಣು, ಅಣಬೆಗೆ ಅಡ್ಡಿಯಿಲ್ಲ.

ಇದರಲ್ಲಿ ನನಗೆ ವಿಚಿತ್ರವಾಗಿ ಕಂಡ ಒಂದು ಗೆರೆ ಇದೆ. ಹಣ್ಣು ಕೀಳಬಹುದು, ಆದರೆ ಜೀವ ಇರುವ ಮರದ ಕೊಂಬೆ ಮುರಿಯುವಂತಿಲ್ಲ, ತೊಗಟೆ ಸುಲಿಯುವಂತಿಲ್ಲ. ಹೇಜಲ್‌ನಟ್ ಕೂಡ ಮರದಿಂದ ಕೀಳುವಂತಿಲ್ಲ. ಇವೆಲ್ಲಕ್ಕೂ ದಂಡಸಂಹಿತೆಯಲ್ಲೇ ಜಾಗ ಇದೆ. ಈ ಕೊಂಬೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲಸದ ದಿನ, ಮಧ್ಯಾಹ್ನ. ಕಾಡಿನಲ್ಲಿ ಜನ ಕಡಿಮೆ. ಒಂದು ತಾಸು ನಡೆದ ಮೇಲೆ ಯಾರೂ ಸಿಗಲಿಲ್ಲ. ಒಂದು ಬಂಡೆಯ ಪಕ್ಕ ಕೂತು ತಿಂಡಿ ಡಬ್ಬಿಯ ತುಂಬ ಹಣ್ಣು ಕಿತ್ತೆ. ಡಬ್ಬಿ ತುಂಬಿತು, ನಿಲ್ಲಿಸಿದೆ. ಬ್ಯಾಗಿನಲ್ಲಿ ಇನ್ನೊಂದು ಖಾಲಿ ಚೀಲ ಇತ್ತು, ಗಿಡದಲ್ಲಿ ಹಣ್ಣೂ ಇತ್ತು. ಸಾಕು ಅನ್ನಿಸಿತು. ಆಮೇಲೆ ಬರುವವರಿಗೆ, ಹಕ್ಕಿಗೆ ಇರಲಿ ಅಂತ ಎದ್ದೆ.

ಎದ್ದಾಗ ನನ್ನ ಬಗ್ಗೆ ನನಗೇ ಸಣ್ಣ ಹೆಮ್ಮೆ ಆಯಿತು, ಸುಳ್ಳು ಹೇಳುವುದಿಲ್ಲ. ಕನಕದಾಸರ ಬಾಳೆಹಣ್ಣಿನ ಕಥೆ ನೆನಪಾಯಿತು. ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು: ಯಾರೂ ಕಾಣದ ಜಾಗದಲ್ಲಿ ತಿಂದು ಬನ್ನಿ ಅಂತ ವ್ಯಾಸರಾಯರು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರು. ಒಬ್ಬ ಬಾಗಿಲ ಹಿಂದೆ ತಿಂದ, ಇನ್ನೊಬ್ಬ ಕಂಬಳಿ ಹೊದ್ದು ತಿಂದ. ಕನಕರು ಮಾತ್ರ ಹಣ್ಣು ಹಾಗೇ ವಾಪಸ್ ತಂದರು, ದೇವರು ಕಾಣದ ಜಾಗ ಸಿಗಲಿಲ್ಲ ಅಂತ. ಯಾರೂ ನೋಡದಿದ್ದಾಗ ನೀನು ಏನು ಮಾಡುತ್ತೀಯ ಅನ್ನೋದೇ ಪರೀಕ್ಷೆ. ಆ ಬಂಡೆಯ ಪಕ್ಕ ನಾನು ಪಾಸಾದೆ ಅಂದುಕೊಂಡೆ.

ಆದರೆ ನಾನು ಅರ್ಧ ದಿನ ರಜೆ ಹಾಕಿ ಕಾಡಿಗೆ ಬಂದಿದ್ದೇ ಇನ್ನೊಂದು ಪರೀಕ್ಷೆಯಲ್ಲಿ ಫೇಲಾಗಿ.

ಆ ವಾರ ಆಫೀಸಿನಲ್ಲಿ ಒಂದು ಕೆಲಸ ಮುಗಿಸಿದ್ದೆ. ನಮ್ಮದು ತಿಂಗಳ ಚಂದಾ ಕಟ್ಟಿ ಬಳಸುವ ಆ್ಯಪ್. ಚಂದಾ ಬೇಡ ಅನ್ನುವವರು ಮೊದಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಈಗ ಐದು ಪರದೆ ದಾಟಬೇಕು. ಒಂದರಲ್ಲಿ 'ನಿಜವಾಗಲೂ ಹೋಗ್ತೀರಾ?', ಇನ್ನೊಂದರಲ್ಲಿ ಡಿಸ್ಕೌಂಟ್, ಮೂರನೆಯದರಲ್ಲಿ ಕಾರಣ ಕೇಳುವ ಪ್ರಶ್ನೆಗಳು, ನಾಲ್ಕನೆಯದರಲ್ಲಿ 'ಇರುತ್ತೇನೆ' ಅನ್ನುವ ದೊಡ್ಡ ಹಸಿರು ಗುಂಡಿ, 'ಬೇಡ' ಅನ್ನುವುದು ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ. ಇದನ್ನು ಬರೆದವನು ನಾನೇ. ಟೆಸ್ಟ್ ಮಾಡುವಾಗ ನನಗೇ ಎರಡು ಸಲ ದಾರಿ ತಪ್ಪಿತು.

ಮೀಟಿಂಗಿನಲ್ಲಿ ನಾನು ಮೆಲ್ಲಗೆ, 'ಇದು ಸ್ವಲ್ಪ ಜಾಸ್ತಿ ಆಯ್ತಲ್ವಾ' ಅಂದಿದ್ದೆ. ಉತ್ತರ ತಕ್ಷಣ ಬಂತು: 'ಎಲ್ಲರೂ ಇದನ್ನೇ ಮಾಡ್ತಿದ್ದಾರೆ. ನಾವು ಮಾಡದಿದ್ದರೆ ನಮ್ಮ ಗ್ರಾಹಕರು ಅವರ ಬಲೆಯಲ್ಲಿ ಇರ್ತಾರೆ, ಅಷ್ಟೇ ವ್ಯತ್ಯಾಸ.' ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾಕ್ಯ ಮಾತ್ರ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಎಲ್ಲಿ ಅಂತ ಹೊಳೆದದ್ದು ಕಾಡಿನಲ್ಲಿ, ಬೆರಳಿಗೆ ಹತ್ತಿದ ಬಣ್ಣ ಒರೆಸಿಕೊಳ್ಳುವಾಗ.

ಅದು ನನ್ನ ಅಪ್ಪನ ವಾಕ್ಯ. ಉಪ್ಪಾಗೆ ಮರದ ಬುಡದಲ್ಲಿ ನಿಂತು ಹೇಳಿದ್ದು.

ನಮ್ಮೂರು ಸಿದ್ದಾಪುರದ ಕಡೆ. ಉಪ್ಪಾಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮುರುಗಲಿನ ದಾಯಾದಿ. ಪಶ್ಚಿಮ ಘಟ್ಟದ ನಿತ್ಯಹಸಿರು ಮರ. ಪುಟ್ಟ ಕುಂಬಳಕಾಯಿಯ ಹಾಗೆ ಏಣುಗಳಿರುವ ಹಣ್ಣು, ಮಾಗಿದರೆ ಹಳದಿ. ಮಳೆಗಾಲದಲ್ಲಿ ಉದುರುತ್ತದೆ. ಸಿಪ್ಪೆ ಒಣಗಿಸಿದರೆ ಹುಳಿಗೆ, ಬೀಜದಿಂದ ಉಪ್ಪಾಗೆ ತುಪ್ಪ. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ ಇದೇ. ಸಿಂಗಳೀಕಗಳಿಗೂ ಇಷ್ಟವಾದ ಹಣ್ಣು. ನಮ್ಮ ಅಜ್ಜಿಯ ಕಾಲದಲ್ಲಿ ಬಿದ್ದದ್ದನ್ನು ಆರಿಸುವುದಷ್ಟೇ ರೂಢಿ. ಮರ ಹತ್ತಿ ಕೊಯ್ಯುವಷ್ಟು ಬೆಲೆ ಅದಕ್ಕೆ ಇರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಬೆಲೆ ಏರಿತು. ಉಪ್ಪಾಗೆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ಒಂದು ಅಂಶ ಇದೆ, ಅದರಿಂದ ಮೈಯ ಬೊಜ್ಜು ಕರಗುತ್ತದೆ ಅಂತ ವಿದೇಶದಲ್ಲಿ ಮಾತ್ರೆ ಬಂತು. ವ್ಯಾಪಾರಿಗಳು ಊರೂರಿಗೆ ಗಾಡಿ ತಂದು ಒಣ ಸಿಪ್ಪೆ ತೂಕ ಹಾಕಿಸಿಕೊಂಡು ಹೋಗತೊಡಗಿದರು. ನನಗಾಗ ಹತ್ತು ವರ್ಷ ಇರಬಹುದು. ಮಳೆ ಸುರಿಯುವಾಗ ಗೊರಬು ಹಾಕಿಕೊಂಡು ಅಪ್ಪ, ನಾನು, ದೊಡ್ಡಪ್ಪನ ಮಗ ಅಣ್ಣ ಕಾಡಿಗೆ ಹೋಗುತ್ತಿದ್ದೆವು.

ಮೊದಲ ವರ್ಷ ಹಳದಿ ಹಣ್ಣು ಆರಿಸಿದೆವು. ಎರಡನೇ ವರ್ಷ ನಾವು ಹೋಗುವಷ್ಟರಲ್ಲಿ ಯಾರೋ ಕೊಯ್ದು ಖಾಲಿ ಮಾಡಿದ್ದರು. ಹಾಗಾಗಿ ಮೂರನೇ ವರ್ಷ ನಾವು ಬೇಗ ಹೋದೆವು, ಕಾಯಿ ಇನ್ನೂ ಹಸಿರಿರುವಾಗಲೇ. ಉಳಿದವರೂ ಹಾಗೇ ಯೋಚಿಸಿದ್ದರು. ಮರ ಹತ್ತಿ ಒಂದೊಂದೇ ಕೀಳಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಇನ್ನೊಂದು ಮರ ಕೈತಪ್ಪುತ್ತದೆ. ಕೊಂಬೆಯನ್ನೇ ಕಡಿದು ಕೆಡವಿದರೆ ಕೆಳಗೆ ಕೂತು ಆರಾಮಾಗಿ ಬಿಡಿಸಿಕೊಳ್ಳಬಹುದು. ಕತ್ತಿ ಹಿಡಿದು ಮೇಲೆ ಹತ್ತಿದವನು ನಾನೇ. ಹಗುರ ಇದ್ದೆ, ಸಣ್ಣ ಕೊಂಬೆ ತಡೆಯುತ್ತಿತ್ತು.

ಹಳ್ಳದ ದಂಡೆಯ ಒಂದು ಮರದಲ್ಲಿ ಮೊದಲ ಕೊಂಬೆ ಕಡಿಯುವ ಮುಂಚೆ ನಾನು ಕೇಳಿದ್ದೆ, 'ಅಪ್ಪ, ಕಡಿದ್ರೆ ಮುಂದಿನ ವರ್ಷ?' ಅಪ್ಪ ಅಂದರು, 'ನಾವು ಕೊಯ್ದೇ ಇದ್ರೆ ಇನ್ಯಾರೋ ಕೊಯ್ಕಂಡು ಹೋಗ್ತಾರೆ ಮಗಾ. ಕಡಿ.'

ಕಡಿದೆ. ಆ ಸಿಪ್ಪೆ ಒಣಗಿಸಲು ಮಳೆಗಾಲದಲ್ಲಿ ಬಿಸಿಲೆಲ್ಲಿ? ಬೆಂಕಿ ಹಾಕಿ ಹೊಗೆಯಲ್ಲಿ ಒಣಗಿಸಬೇಕು. ಅದಕ್ಕೆ ಕಟ್ಟಿಗೆ ಬೇಕು. ಅದೂ ಕಾಡಿನಿಂದಲೇ ಬಂತು. ಆ ದುಡ್ಡಿನಲ್ಲಿ ನಮ್ಮ ಮನೆಯ ಹುಲ್ಲಿನ ಮಾಡು ಹೋಗಿ ಮಂಗಳೂರು ಹೆಂಚು ಬಂತು. ನನ್ನ ಹೈಸ್ಕೂಲಿನ ಸೈಕಲ್ ಬಂತು. ಆ ಸೈಕಲ್ ಇಲ್ಲದಿದ್ದರೆ ಹೈಸ್ಕೂಲಿಲ್ಲ, ಹೈಸ್ಕೂಲಿಲ್ಲದೆ ಬಿಇ ಇಲ್ಲ, ಬಿಇ ಇಲ್ಲದೆ ತ್ಯುರೆಸ್ತಾ ಇಲ್ಲ.

ಎಷ್ಟೋ ವರ್ಷ ಆದ ಮೇಲೆ, ಕುತೂಹಲಕ್ಕೆ ಆ ಮಾತ್ರೆಯ ಬಗ್ಗೆ ಹುಡುಕಿದೆ. 1998ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂದಿತ್ತು. 135 ಜನ, 12 ವಾರ, ಅರ್ಧ ಜನಕ್ಕೆ ಉಪ್ಪಾಗೆ ಅಂಶದ ಮಾತ್ರೆ, ಉಳಿದವರಿಗೆ ಸುಳ್ಳು ಮಾತ್ರೆ. ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಕಾಣಲಿಲ್ಲ. ನಾನು ಕೊಂಬೆ ಕಡಿಯುತ್ತಿದ್ದ ಕಾಲಕ್ಕೆ ಅದರಿಂದ ಯಾರ ಬೊಜ್ಜೂ ಕರಗುವುದು ಅನುಮಾನ ಅಂತ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಅಚ್ಚಾಗಿತ್ತು.

ಈಗ ಆ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡೋಣ. 'ನಾನು ಮಾಡದಿದ್ದರೆ ಇನ್ನೊಬ್ಬ ಮಾಡ್ತಾನೆ.' ಇದರಲ್ಲಿ ಎರಡು ಪ್ರಶ್ನೆ ಇವೆ. ಮೊದಲನೆಯದು, ಅದು ನಿಜವಾ? ಎರಡನೆಯದು, ನಿಜವಾಗಿದ್ದರೂ ಅದು ಕಾರಣವಾ?

ಮೊದಲ ಪ್ರಶ್ನೆಗೆ ಉತ್ತರ: ಬಹಳ ಸಲ ನಿಜ. ಅಪ್ಪ ಸುಳ್ಳು ಹೇಳಿರಲಿಲ್ಲ. ನಾವು ಬಿಟ್ಟಿದ್ದರೆ ಆ ಮರ ವಾರದೊಳಗೆ ಬೋಳಾಗುತ್ತಿತ್ತು. ಆದರೆ ಅದು ನಿಜ ಆಗಿದ್ದು ಹೇಗೆ ಅಂತ ನೋಡಬೇಕು. ಪ್ರತಿ ಮನೆಯಲ್ಲೂ ಒಬ್ಬ ಅಪ್ಪ ಇದೇ ಮಾತು ಹೇಳುತ್ತಿದ್ದ. ಅವರ ಲೆಕ್ಕದಲ್ಲಿ 'ಇನ್ಯಾರೋ' ಅಂದರೆ ನಾವು, ನಮ್ಮ ಲೆಕ್ಕದಲ್ಲಿ 'ಇನ್ಯಾರೋ' ಅಂದರೆ ಅವರು. ಎಲ್ಲರೂ ಹೇಳಿದ್ದರಿಂದಲೇ ಆ ಮಾತು ನಿಜವಾಯಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ರೇಸ್ ಕಂಡೀಷನ್. ಹಂಚಿಕೊಂಡ ಒಂದು ರಿಸೋರ್ಸ್ ಇದೆ, ಅದಕ್ಕೆ ಲಾಕ್ ಇಲ್ಲ, ಹತ್ತು ಥ್ರೆಡ್‌ಗಳು ಒಟ್ಟಿಗೆ ಓಡುತ್ತಿವೆ. ಪ್ರತಿ ಥ್ರೆಡ್ಡಿನ ಕೋಡ್ ಅದರ ಮಟ್ಟಿಗೆ ಸರಿಯಾಗಿಯೇ ಇದೆ. ಒಟ್ಟು ಫಲಿತಾಂಶ ಮಾತ್ರ ಹಾಳು. ಹಳದಿ ಹಣ್ಣು ಹಸಿರು ಕಾಯಿಯಾಗಿದ್ದು, ಕೊಕ್ಕೆ ಹೋಗಿ ಕತ್ತಿ ಬಂದಿದ್ದು ಹೀಗೇ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನುವ ಜೀವಶಾಸ್ತ್ರಜ್ಞ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ಬರೆದ. ಎಲ್ಲರಿಗೂ ಸೇರಿದ ಗೋಮಾಳ ಕೊನೆಗೆ ಎಲ್ಲರಿಂದಲೂ ಹಾಳಾಗುತ್ತದೆ, ಒಂದೋ ಅದನ್ನು ಖಾಸಗಿ ಮಾಡಿ, ಇಲ್ಲವೇ ಸರಕಾರ ಬೇಲಿ ಹಾಕಲಿ ಅಂತ. ಓದಿದರೆ ಒಪ್ಪಬೇಕು ಅನ್ನಿಸುತ್ತದೆ. ಆದರೆ ಅದನ್ನು ಒಪ್ಪಿದರೆ ಒಂದು ಅನುಕೂಲವೂ ಇದೆ ನೋಡಿ: ತಪ್ಪು ಯಾರದ್ದೂ ಅಲ್ಲ, ಬೇಲಿ ಇಲ್ಲದ್ದು ತಪ್ಪು. ನನ್ನ ಕೈಯಲ್ಲಿದ್ದ ಕತ್ತಿಯ ವಿಷಯ ಅಲ್ಲಿಗೆ ಮುಗಿಯಿತು.

ಎರಡನೇ ಪ್ರಶ್ನೆ ಹೆಚ್ಚು ಕಷ್ಟ. ನನ್ನ ಅಜ್ಜಿಯ ವಿಷಯ ಹೇಳಿದರೆ ಗೊತ್ತಾಗುತ್ತದೆ. ಅಜ್ಜಿ ಆ ವರ್ಷಗಳಲ್ಲೂ ಬಿದ್ದದ್ದನ್ನೇ ಆರಿಸುತ್ತಿದ್ದಳು. ನಾವು ಕಂತೆಗಟ್ಟಲೆ ಕೊಂಬೆ ಎಳೆದು ತಂದರೆ ಅವಳು ಒಂದು ಬುಟ್ಟಿ ತರುತ್ತಿದ್ದಳು. ನನ್ನನ್ನು ನೋಡಿ ಒಂದು ದಿನ, 'ನಿಂತ ಕೊಂಬೆನೇ ಕಡದ್ರೆ ಮುಂದಿನ್ ವರ್ಷ ಎಲ್ಲಿ ಕಾಲಿಡ್ತೀಯ' ಅಂದಳು. ಹಿತ್ತಲ ಆಚೆ ಕಾಡಿನ ಅಂಚಿನಲ್ಲಿದ್ದ ಒಂದು ಮರವನ್ನು ಅಪ್ಪನಿಗೆ ಮುಟ್ಟಲು ಬಿಡಲಿಲ್ಲ. ಆಮೇಲೆ ಏನಾಯಿತು ಗೊತ್ತಾ? ಒಂದು ಬೆಳಿಗ್ಗೆ ಎದ್ದು ನೋಡಿದರೆ ಆ ಮರದ ಅರ್ಧ ಕೊಂಬೆ ಇರಲಿಲ್ಲ. ರಾತ್ರಿ ಯಾರೋ ಕಡಿದುಕೊಂಡು ಹೋಗಿದ್ದರು. ಅಪ್ಪ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಜ್ಜಿ ಬಿಟ್ಟಿದ್ದರಿಂದ ಮರವೂ ಉಳಿಯಲಿಲ್ಲ, ಮನೆಗೆ ದುಡ್ಡೂ ಬರಲಿಲ್ಲ.

ಹಾಗಾದರೆ ಅಜ್ಜಿ ಮಾಡಿದ್ದು ದಡ್ಡತನವಾ? ನಾನು ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಫಲಿತಾಂಶ ಒಂದೇ ಅಂದ ಮೇಲೆ ಬಿಟ್ಟವನಿಗೂ ಕಡಿದವನಿಗೂ ಏನು ವ್ಯತ್ಯಾಸ? ಇದಕ್ಕೆ ಸುಲಭದ ಉತ್ತರ, 'ಕೈ ಶುದ್ಧ ಇರುತ್ತದೆ' ಅನ್ನೋದು. ನನಗೆ ಆ ಉತ್ತರ ಸಾಲುವುದಿಲ್ಲ. ನನ್ನ ಕೈ ಶುದ್ಧ ಇಟ್ಟುಕೊಳ್ಳುವುದೇ ಗುರಿಯಾದರೆ ಮರ ಏನಾದರೂ ಆಗಲಿ ಅಂದ ಹಾಗಾಯಿತು. ಅದೂ ಒಂಥರಾ ಸ್ವಾರ್ಥವೇ.

ಈ ಯೋಚನೆಯಲ್ಲಿ ನಡೆಯುತ್ತಾ ಸ್ತೇನ್‌ಶೋನ್ ಕೆರೆಯ ಕಡೆ ಬಂದಿದ್ದೆ. ಅಲ್ಲಿ ಕಾಡು ಒಮ್ಮೆಲೇ ಬದಲಾಗುತ್ತದೆ. 1999ರ ಆಗಸ್ಟಿನಲ್ಲಿ ಇಲ್ಲಿ ದೊಡ್ಡ ಬೆಂಕಿ ಬಿದ್ದು ಸುಮಾರು 450 ಹೆಕ್ಟೇರ್ ಸುಟ್ಟುಹೋಯಿತು. ಮಣ್ಣಿನೊಳಗೆ ಬೇರೇ ಸುಟ್ಟಿದ್ದರಿಂದ ದೊಡ್ಡ ದೊಡ್ಡ ಮರಗಳು ಆಮೇಲೆ ತಾವಾಗಿ ಬಿದ್ದವು. ಇವರು ಬಿದ್ದ ಮರ ಎತ್ತಲಿಲ್ಲ, ಹೊಸದು ನೆಡಲಿಲ್ಲ, ಹಾಗೇ ಬಿಟ್ಟರು. ಈಗ ಅಲ್ಲಿ ಬರ್ಚ್, ಆಸ್ಪೆನ್ ಮರಗಳ ಎಳೆ ಕಾಡು. ನಡುನಡುವೆ ಬೆಳ್ಳಿ ಬಣ್ಣಕ್ಕೆ ತಿರುಗಿದ ಸತ್ತ ಪೈನ್‌ಗಳು ನಿಂತಿವೆ. ಹೆಚ್ಚುಕಡಿಮೆ ನಾನು ಕತ್ತಿ ಹಿಡಿದ ಕಾಲದ್ದೇ ಬೆಂಕಿ. ಇಲ್ಲಿನ ಕಾಡಿಗೆ ತಿರುಗಿ ಬರಲು ಜಾಗ ಸಿಕ್ಕಿತು, ಯಾಕೆಂದರೆ ಯಾರೂ ಅಲ್ಲಿಗೆ ಕೈ ಹಾಕಬಾರದು ಅಂತ ಮೊದಲೇ ಮಾತಾಗಿತ್ತು.

ಹಾಗಂತ ಸ್ವೀಡಿಷರು ದೇವರ ಮಕ್ಕಳು ಅಂತ ನಾನು ಹೇಳುತ್ತಿಲ್ಲ. ಇದೇ ಬ್ಲೂಬೆರಿ ದೇಶದ ಉತ್ತರ ಭಾಗದಲ್ಲಿ ದೊಡ್ಡ ವ್ಯಾಪಾರ. ಹಣ್ಣು ಪುಡಿಯಾಗಿ, ಕ್ಯಾಪ್ಸೂಲಾಗಿ ಪೂರ್ವ ಏಷ್ಯಾಕ್ಕೆ ಹೋಗುತ್ತದೆ, ಅಲ್ಲಿ ಅದು ಕಣ್ಣಿಗೆ ಒಳ್ಳೆಯದಂತೆ. ಕೀಳಲು ಥಾಯ್ಲೆಂಡಿನಿಂದ ವರ್ಷವರ್ಷವೂ ಸಾವಿರಾರು ಜನ ಬರುತ್ತಾ ಬಂದಿದ್ದಾರೆ. ಅವರಿಗೆ ಸರಿಯಾಗಿ ಕೂಲಿ ಸಿಗದ ಕಥೆಗಳು ಇಲ್ಲಿನ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿವೆ. 'ಎಲ್ಲರ ಹಕ್ಕು' ಅನ್ನೋದು ಕೈಗೂ ಬುಟ್ಟಿಗೂ ಹೊಂದುವ ಹಕ್ಕು. ಲಾರಿ ಬಂದ ಕೂಡಲೇ ಅದು ಬೇರೆ ಆಗುತ್ತದೆ, ಊರು ಯಾವುದಾದರೂ. ನಮ್ಮ ಉಪ್ಪಾಗೆ ಪಶ್ಚಿಮದವರ ಹೊಟ್ಟೆಗೆ ಹೋಯಿತು, ಇವರ ಬೆರಿ ಪೂರ್ವದವರ ಕಣ್ಣಿಗೆ ಹೋಗುತ್ತಿದೆ.

ಹಾರ್ಡಿನ್ನನ ಮಾತಿಗೆ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಇದೇ ಸ್ಟಾಕ್‌ಹೋಮ್‌ನಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. 1990ರಲ್ಲಿ ಬಂದ ಅವರ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನುವ ಹಳ್ಳಿಯ ವಿಷಯ ಇದೆ. ಅಲ್ಲಿ ಬೆಟ್ಟದ ಹುಲ್ಲುಗಾವಲು ಊರವರಿಗೆಲ್ಲ ಸೇರಿದ್ದು. 1517ರಲ್ಲೇ ಅವರು ಒಂದು ನಿಯಮ ಬರೆದಿಟ್ಟುಕೊಂಡರು: ಚಳಿಗಾಲದಲ್ಲಿ ಸ್ವಂತ ಮೇವು ಹಾಕಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಡಬೇಕು. ರಾಜ ಬರೆದ ಕಾನೂನಲ್ಲ, ಖಾಸಗಿ ಬೇಲಿಯೂ ಅಲ್ಲ. ಊರವರು ಕೂತು ಮಾತಾಡಿ ಹಾಕಿಕೊಂಡ ಲಾಕ್. ಆಸ್ಟ್ರಮ್ ಇಂಥವನ್ನು ಎಷ್ಟೋ ದೇಶಗಳಲ್ಲಿ ಕಂಡರು. ಎಲ್ಲ ಕಡೆಯೂ ಯಶಸ್ವಿಯಾಗಿರಲಿಲ್ಲ, ಸೋತದ್ದನ್ನೂ ಬರೆದರು. ಆದರೆ ಎಲ್ಲರೂ ಎಲ್ಲವನ್ನೂ ಹಾಳು ಮಾಡಿಯೇ ತೀರುತ್ತಾರೆ ಅನ್ನೋದು ಪ್ರಕೃತಿ ನಿಯಮವಲ್ಲ ಅಂತ ತೋರಿಸಿದರು.

ಇದನ್ನು ಓದುವಾಗ ನನಗೆ ನಮ್ಮೂರ ದೇವಸ್ಥಾನದ ಕಟ್ಟೆ ನೆನಪಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ, ಮರಗಳು ಸೊರಗಿ ಎರಡು ವರ್ಷ ಫಸಲೇ ಬಾರದಿದ್ದಾಗ, ಊರವರು ಅಲ್ಲಿ ಕೂತು ಮಾತಾಡಿದರು. ಕಾಯಿ ಹಳದಿಗೆ ತಿರುಗುವ ತನಕ ಯಾರೂ ಕೊಯ್ಯಬಾರದು, ಕತ್ತಿ ಒಯ್ಯಬಾರದು ಅಂತ. ಜಗಳ ಆಯಿತು. 'ಯಾರಾದ್ರೂ ಹಾಗೆ ಬಿಡ್ತಾರೇನ್ರೀ, ಆಗೋ ಹೋಗೋ ಮಾತಾ' ಅಂತ ಒಬ್ಬರು ಎದ್ದರು. ಆಗ ಪಕ್ಕದ ಮನೆಯ ಅಕ್ಕ ಒಬ್ಬಳು, 'ಈ ಅಮ್ಮ ಬಿಟ್ಟಿರ್ಲಿಲ್ವಾ' ಅಂತ ನಮ್ಮ ಅಜ್ಜಿಯ ಕಡೆ ಕೈ ತೋರಿಸಿದಳು. ಮಾತು ಅಲ್ಲಿಗೆ ನಿಂತಿತು. ನಿಯಮ ಆಯಿತು. ಎಲ್ಲರೂ ಪಾಲಿಸಿದರಾ? ಇಲ್ಲ. ಎರಡನೇ ವರ್ಷವೇ ಒಂದು ಮನೆಯವರು ಮುರಿದರು, ಕಟ್ಟೆಗೆ ಕರೆಸಿ ದಂಡ ಹಾಕಿದರು. ಆದರೆ ಕತ್ತಿ ಒಯ್ಯುವುದು ಮಾತ್ರ ಬಹುಪಾಲು ನಿಂತಿತು.

ನನ್ನ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ ಅನ್ನಿಸುತ್ತದೆ. 'ಇನ್ನೊಬ್ಬ ಮಾಡ್ತಾನೆ' ಅನ್ನೋದು ಒಂದು ಅಂದಾಜು, ಹವಾಮಾನ ವರದಿಯ ಹಾಗೆ. ಮಳೆ ಬರುತ್ತದೆ ಅಂತ ಹೇಳುವುದು ಬೇರೆ, ಮಳೆ ಸುರಿಸುವುದು ಬೇರೆ. ಇನ್ನೊಬ್ಬ ಮಾಡುವುದು ಅವನ ಲೆಕ್ಕಕ್ಕೆ, ನಾನು ಮಾಡುವುದು ನನ್ನ ಲೆಕ್ಕಕ್ಕೆ. ಇದು ಒಂದು. ಇನ್ನೊಂದು, ಅಜ್ಜಿ ಬಿಟ್ಟ ಮರ ಉಳಿಯಲಿಲ್ಲ, ನಿಜ. ಆದರೆ ಬಿಡಬಹುದು ಅನ್ನೋದಕ್ಕೆ ಸಾಕ್ಷಿ ಉಳಿಯಿತು. ಯಾರೂ ಬಿಡುವುದಿಲ್ಲ ಅನ್ನುವ ಮಾತು ಊರಿನಲ್ಲಿ ಅವಳಿಂದಾಗಿ ಸುಳ್ಳಾಗಿತ್ತು. ನಿಯಮ ಹುಟ್ಟಲು ಮೊದಲು ಒಬ್ಬರು ಅದು ಇಲ್ಲದಾಗಲೂ ಪಾಲಿಸಿರಬೇಕು, ಅದೂ ನಾಲ್ಕು ಜನಕ್ಕೆ ಕಾಣುವ ಹಾಗೆ.

ಕನಕದಾಸರ ಪರೀಕ್ಷೆಗಿಂತ ಇದು ಬೇರೆ ಅಂತ ನನಗೆ ಅನ್ನಿಸಿದ್ದು ಇದಕ್ಕೇ. ಯಾರೂ ನೋಡದಿದ್ದಾಗ ಸರಿಯಾಗಿರುವುದು ಒಂದು ಪರೀಕ್ಷೆ. ಎಲ್ಲರೂ ನೋಡುತ್ತಿರುವಾಗ, ಎಲ್ಲರೂ ಅದನ್ನೇ ಮಾಡುತ್ತಿರುವಾಗ, ನೀನೊಬ್ಬ ಬೇಡ ಅನ್ನುವುದು ಇನ್ನೊಂದು. ನಮ್ಮಂಥ ಓದಿದವರು ಮೊದಲನೆಯದರಲ್ಲಿ ಸುಲಭವಾಗಿ ಪಾಸಾಗುತ್ತೇವೆ. ಕಾಡಿನಲ್ಲಿ ಕಸ ಹಾಕುವುದಿಲ್ಲ, ಖಾಲಿ ರಸ್ತೆಯಲ್ಲೂ ಸಿಗ್ನಲ್ಲಿಗೆ ನಿಲ್ಲುತ್ತೇವೆ, ಡಬ್ಬಿ ತುಂಬಿದ ಕೂಡಲೇ ಏಳುತ್ತೇವೆ. ಮೀಟಿಂಗಿನಲ್ಲಿ ಎಲ್ಲರೂ ನಕ್ಕಾಗ ನಮಗೂ ನಗು ಬರುತ್ತದೆ.

ಅಪ್ಪನನ್ನು ನನ್ನ ಜೊತೆ ಹೋಲಿಸುವುದೂ ತಪ್ಪು. ಅಪ್ಪನ ತಲೆ ಮೇಲೆ ಸೋರುವ ಹುಲ್ಲಿನ ಮಾಡು ಇತ್ತು. ನನಗೇನಿತ್ತು? ಭಯ ಇಲ್ಲ ಅಂತಲ್ಲ. ಇಲ್ಲಿನ ವರ್ಕ್ ಪರ್ಮಿಟ್ ಆಗ ಮೊದಲ ಎರಡು ವರ್ಷ ಕೆಲಸ ಕೊಟ್ಟ ಕಂಪನಿಗೇ ಕಟ್ಟಿಕೊಂಡಿರುತ್ತಿತ್ತು. ಕೆಲಸ ಹೋದರೆ ಹೊಸದು ಹುಡುಕಲು ಕೆಲವೇ ತಿಂಗಳು. ಊರಿನಲ್ಲಿ ಕಟ್ಟಿಸುತ್ತಿರುವ ಮನೆಯ ಸಾಲದ ಇಎಂಐ ಇದೆ. ಆದರೆ ಐದು ಪರದೆ ಬೇಡ ಅಂದ ಮಾತ್ರಕ್ಕೆ ನನ್ನ ಕೆಲಸ ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ಹೆಚ್ಚೆಂದರೆ ಇವನು ಸ್ವಲ್ಪ ಕಿರಿಕಿರಿ ಅನ್ನುತ್ತಿದ್ದರು. ಹೊಟ್ಟೆಯ ಭಯಕ್ಕೂ ಮುಜುಗರದ ಭಯಕ್ಕೂ ವ್ಯತ್ಯಾಸ ಇದೆ. ನಾನು ನನ್ನ ಮುಜುಗರವನ್ನು ಅಪ್ಪನ ಬಡತನದ ಮಾತಿನಲ್ಲಿ ಮುಚ್ಚಿಡುತ್ತಿದ್ದೆ.

ಸಂಜೆ ಏಳು ಗಂಟೆಗೂ ಬಿಸಿಲು ಇತ್ತು. ಬಸ್ಸಿನಲ್ಲಿ ಕೂತು ಡಬ್ಬಿಯ ಹಣ್ಣು ಅರ್ಧ ತಿಂದೆ.

ಸೋಮವಾರ ಏನು ಮಾಡಿದೆ ಅಂತ ಹೇಳದಿದ್ದರೆ ಇಷ್ಟೆಲ್ಲ ಬರೆದದ್ದಕ್ಕೆ ಅರ್ಥ ಇಲ್ಲ. ರಾಜೀನಾಮೆ ಕೊಡಲಿಲ್ಲ. ನಾನೇ ಬರೆದ ಕೋಡಿನ ಬಗ್ಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ, ನನ್ನ ಹೆಸರು ಹಾಕಿ ನಾಲ್ಕು ಸಾಲು ಬರೆದೆ. ಇದನ್ನು ಮಾಡಿದವನು ನಾನು, ಟೆಸ್ಟ್ ಮಾಡುವಾಗ ನನಗೇ ದಾರಿ ತಪ್ಪಿತು, ನಮ್ಮ ಅಪ್ಪ ಅಮ್ಮ ಇದನ್ನು ಬಳಸಬೇಕಾದರೆ ನನಗೆ ನಾಚಿಕೆ ಆಗುತ್ತದೆ, ಇದನ್ನು ಬದಲಾಯಿಸೋಣ ಅಂತ. ಒಂದು ಗಂಟೆ ಯಾರೂ ಏನೂ ಹೇಳಲಿಲ್ಲ. ಆಮೇಲೆ ಡಿಸೈನ್ ಟೀಮಿನ ಹುಡುಗಿಯೊಬ್ಬಳು 'ನನಗೂ ಹಾಗೇ ಅನ್ನಿಸಿತ್ತು' ಅಂತ ಬರೆದಳು. ಇನ್ನಿಬ್ಬರು ಸೇರಿದರು. ಎರಡು ಮೀಟಿಂಗ್ ಆದವು. ಕೊನೆಗೆ ಐದು ಪರದೆ ಎರಡಾಯಿತು. ಹಸಿರು ಗುಂಡಿ ಹಾಗೇ ಉಳಿಯಿತು. ಗೆದ್ದೆ ಅಂತ ಹೇಳಲಾರೆ. ಆದರೆ 'ಎಲ್ಲರೂ ಒಪ್ಪಿದ್ದಾರೆ' ಅನ್ನುವ ಮಾತು ನಮ್ಮ ಟೀಮಿನಲ್ಲಿ ಮೊದಲಿನಷ್ಟು ಸಲೀಸಾಗಿ ಬರುತ್ತಿಲ್ಲ.

ಆ ಭಾನುವಾರ ಊರಿಗೆ ಫೋನ್ ಮಾಡಿದ್ದೆ. ಹಳ್ಳದ ದಂಡೆಯ ಉಪ್ಪಾಗೆ ಮರ ಹೇಗಿದೆ ಅಂತ ಕೇಳಿದೆ. ಅಪ್ಪನಿಗೆ ಆಶ್ಚರ್ಯ. 'ಅದು ಸತ್ತು ಎಷ್ಟ್ ವರ್ಷ ಆಯ್ತು. ಅಜ್ಜಿ ಮರ ಮಾತ್ರ ಚಿಗುರಿ ನಿಂತದೆ. ಈ ಸಲ ಕಾಯಿ ಬಂದದೆ.'

ಧೈರ್ಯ ಮಾಡಿ ಕೇಳಿದೆ, 'ಅಪ್ಪ, ನಾವು ಆಗ ಕಡಿದಿದ್ದು ತಪ್ಪಾ?'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು, ಹೆಂಚಿನ ಮೇಲೆ ಬೀಳುವ ಮಳೆ.

'ತಪ್ಪೇ ಮಗಾ. ಆದ್ರೆ ಆಗ ನಂಗೆ ಹೆಂಚು ಬೇಕಾಗಿತ್ತು' ಅಂದರು. ಆಮೇಲೆ ಕೇಳಿದರು, 'ನಿಂಗೀಗ ಎಂತ ಬೇಕಾಗದೆ?'